ದಣಿದ ರಾತ್ರಿಗೆ ಕೈಯಲ್ಲೇ ಹಿಡಿದು ತಿನ್ನುವ ಊಟ

ವಾರದಲ್ಲಿ ಎಷ್ಟು ರಾತ್ರಿ ನಿಮ್ಮ ಮನೆಯಲ್ಲಿ ಸಾವಕಾಶವಾಗಿ ಅಡುಗೆ ಆಗುತ್ತದೆ? ಬೆರಳು ಮಡಚಿ ಎಣಿಸಿ ನೋಡಿ. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬರುವವರು, ಶಹಾಬಾದ್, ಚಿತ್ತಾಪುರದ ಕಡೆ ಪರ್ಸಿ ಗಣಿಯಲ್ಲಿ ಕಲ್ಲು ತೆಗೆಯುವವರು, ಚಿಂಚೋಳಿಯ ತೊಗರಿ ಹೊಲಗಳಲ್ಲಿ ದುಡಿಯುವವರು, ಅಂಗಡಿ ಮುಚ್ಚಿ ಒಂಬತ್ತಕ್ಕೆ ಮನೆ ಸೇರುವವರು, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕುಳಿತು ಸಂಜೆ ಒಲೆಯ ಮುಂದೆ ನಿಲ್ಲುವ ಹೆಣ್ಣುಮಕ್ಕಳು. ಇವರ ಮನೆಗಳಲ್ಲಿ ವಾರದ ನಾಲ್ಕೈದು ರಾತ್ರಿ ದಣಿವಿನ ರಾತ್ರಿಗಳೇ ಆಗಿರುತ್ತವೆ.

ಅಂಥ ರಾತ್ರಿ ಏನು ತಿನ್ನುತ್ತೇವೆ? ಚಹಾದ ಜೊತೆ ಪಾವ್, ಟೋಸ್ಟ್ ಅಥವಾ ಖಾರಿ. ಬಸ್ ನಿಲ್ದಾಣದ ಬಳಿಯ ಗಾಡಿಯಿಂದ ಕಾಗದದಲ್ಲಿ ಸುತ್ತಿ ತಂದ ಮಿರ್ಚಿ ಭಜಿ, ಸಮೋಸಾ. ಮಕ್ಕಳಿಗೆ ನೂಡಲ್ಸ್ ಪೊಟ್ಟಣ. ಹೊಟ್ಟೆ ತುಂಬಿತು, ಮಲಗಿದರಾಯಿತು.

ನನ್ನ ದವಾಖಾನೆಗೆ ಬರುವ ಸಕ್ಕರೆ ಕಾಯಿಲೆಯವರು ಮೊದಲು ಕೇಳುವ ಪ್ರಶ್ನೆ, ‘ಹಕೀಮ್ ಸಾಬ್, ಬಿರಿಯಾನಿ ಬಿಡಬೇಕಾ?’ ಎಂದು. ನಾನು ತಿರುಗಿ ಕೇಳುವುದು, ‘ಮಂಗಳವಾರ ರಾತ್ರಿ ಏನು ತಿಂದಿರಿ?’ ಎಂದು. ಶುಕ್ರವಾರದ ಬಿರಿಯಾನಿ, ಮದುವೆ ಮನೆಯ ತಹರಿ ತಿಂಗಳಿಗೆ ನಾಲ್ಕೈದು ಸಲ. ದಣಿದ ರಾತ್ರಿಯ ಊಟ ತಿಂಗಳಿಗೆ ಹದಿನೆಂಟು, ಇಪ್ಪತ್ತು ಸಲ. ದೇಹ ಲೆಕ್ಕ ಇಡುವುದು ಈ ಊಟದ್ದು. ಇದನ್ನು ಸರಿಪಡಿಸಿಕೊಂಡರೆ ಸಕ್ಕರೆ, ರಕ್ತದೊತ್ತಡ, ಎದೆಯುರಿ, ಮಲಬದ್ಧತೆಯ ಅರ್ಧ ದಾರಿ ಸವೆದ ಹಾಗೆ.

ಯುನಾನಿ ವೈದ್ಯಪದ್ಧತಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳಲಾಗಿದೆ. ಇವುಗಳಿಗೆ ಅಸ್ಬಾಬೆ ಸಿತ್ತಾ ಜರೂರಿಯಾ ಎಂದು ಹೆಸರು. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದ್ದು ಉಳಿದು ಹೊರಹೋಗಬೇಕಾದ್ದು ಹೋಗುವುದು. ತಡರಾತ್ರಿ ಕರಿದ ಪದಾರ್ಥ ತಿಂದು ಕೂಡಲೇ ಮಲಗುವವರು ಇವುಗಳಲ್ಲಿ ಆಹಾರ, ವಿಶ್ರಾಂತಿ, ನಿದ್ದೆ ಮೂರನ್ನೂ ಒಟ್ಟಿಗೆ ಕೆಡಿಸಿಕೊಳ್ಳುತ್ತಾರೆ. ಬೆಳಿಗ್ಗೆ ಎದ್ದಾಗ ಬಾಯಿ ಕಹಿ, ಹೊಟ್ಟೆ ಉಬ್ಬರ, ಮೈ ಭಾರ.

ಹಾಗಾದರೆ ದಣಿದು ಬಂದವರು ಎರಡು ಪಲ್ಯ, ಸಾರು, ಅನ್ನ ಮಾಡಬೇಕೇ? ಬೇಕಾಗಿಲ್ಲ. ಕೈಯಲ್ಲಿ ಹಿಡಿದು ತಿನ್ನುವ ಒಂದೇ ಊಟ ಸಾಕು. ಆದರೆ ಅದರೊಳಗೆ ಏನಿದೆ ಎಂಬುದು ಮುಖ್ಯ.

ಈ ಊಟ ನಮ್ಮದೇ

ಕೈಯಲ್ಲಿ ಹಿಡಿದು ತಿನ್ನುವುದು ಎಂದ ಕೂಡಲೇ ಮಕ್ಕಳಿಗೆ ರೋಲ್, ಬರ್ಗರ್ ನೆನಪಾಗುತ್ತದೆ. ನಮ್ಮ ಸೀಮೆಯ ರೈತ ಇದನ್ನು ಮೊದಲಿನಿಂದಲೂ ಮಾಡುತ್ತ ಬಂದಿದ್ದಾನೆ. ಅರಿವೆಯಲ್ಲಿ ಕಟ್ಟಿಕೊಂಡು ಹೋದ ಜೋಳದ ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ ಅಥವಾ ಗಟ್ಟಿ ಬ್ಯಾಳಿ, ಕೈಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ, ಒಂದಿಷ್ಟು ಹಸಿ ಮೆಂತ್ಯ ಸೊಪ್ಪು. ರೊಟ್ಟಿಯೇ ತಟ್ಟೆ, ರೊಟ್ಟಿಯೇ ಊಟ. ಇದರಲ್ಲಿ ಧಾನ್ಯ, ಬೇಳೆ, ಎಣ್ಣೆಕಾಳು, ಸೊಪ್ಪು ಎಲ್ಲವೂ ಇವೆ.

ಜೋಳವೂ ತೊಗರಿಯೂ ನಮ್ಮ ನೆಲದ ಬೆಳೆ. ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜ ಎನ್ನುತ್ತಾರೆ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿದೆ. 100 ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 21 ಗ್ರಾಂ ಪ್ರೋಟೀನ್ ಇದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶ ಇದ್ದರೆ, ಪಾವ್, ಸಮೋಸಾ, ಖಾರಿಗೆ ಬಳಸುವ ಮೈದಾದಲ್ಲಿ ಅದು 3 ಗ್ರಾಮಿಗಿಂತ ಕಡಿಮೆ. ನಾರಿನಂಶ ಕಡಿಮೆಯಾದಷ್ಟೂ ಊಟದ ಸಕ್ಕರೆ ರಕ್ತಕ್ಕೆ ಬೇಗ ಸೇರುತ್ತದೆ, ಹಸಿವೂ ಬೇಗ ಮರಳುತ್ತದೆ.

ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಒಬ್ಬರಿಗೆ ಮಧ್ಯಮ ಗಾತ್ರದ ಎರಡು ರೊಟ್ಟಿ ಅಥವಾ ಚಪಾತಿ. ಒಳಗೆ ಒಂದು ಹಿಡಿ ಬೇಳೆ, ಕಾಳು, ಮೊಟ್ಟೆ ಅಥವಾ ಮಾಂಸ. ಜೊತೆಗೆ ಒಂದು ಹಿಡಿ ಸೊಪ್ಪು ತರಕಾರಿ. ಹಿಡಿ ಎಂದರೆ ತಿನ್ನುವವರ ಹಿಡಿಯೇ. ಮಗುವಿಗೆ ಮಗುವಿನ ಹಿಡಿ, ದೊಡ್ಡವರಿಗೆ ದೊಡ್ಡವರ ಹಿಡಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೆ ಅದು ತಿಂಡಿ. ಮೂರೂ ಇದ್ದರೆ ಊಟ.

ಮಾಡಿ ನೋಡಿ

ಗಟ್ಟಿ ಬ್ಯಾಳಿಯ ರೊಟ್ಟಿ: ಐದು ಜನರಿಗೆ ಒಂದು ಕಪ್, ಅಂದರೆ ಸುಮಾರು 200 ಗ್ರಾಂ ತೊಗರಿ ಬೇಳೆ ತೊಳೆದು ಎರಡು ಕಪ್ ನೀರು, ಚಿಟಿಕೆ ಅರಿಶಿನ ಹಾಕಿ ಕುಕ್ಕರಿನಲ್ಲಿ ಬೇಯಿಸಿ. ಎರಡು ಚಮಚ ಎಣ್ಣೆಯಲ್ಲಿ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು, ಹೆಚ್ಚಿದ ಒಂದು ಕಟ್ಟು ಮೆಂತ್ಯ ಅಥವಾ ಪಾಲಕ್ ಸೊಪ್ಪು ಬಾಡಿಸಿ, ಬೇಳೆ ಸೇರಿಸಿ ನೀರು ಆರುವವರೆಗೆ ಕುದಿಸಿ. ರೊಟ್ಟಿಯ ಮೇಲೆ ಹಚ್ಚಿದರೆ ಸುರಿಯಬಾರದು, ಅಷ್ಟು ಗಟ್ಟಿ ಇರಲಿ. ಕೊನೆಗೆ ಲಿಂಬೆ ಹಿಂಡಿ. ಜೋಳದಲ್ಲಿ ಗೋಧಿಯಂತೆ ಜಿಗಿ ಇಲ್ಲ. ಆದ್ದರಿಂದ ಕುದಿಯುವ ನೀರು ಹಾಕಿ ಚೆನ್ನಾಗಿ ನಾದಿ, ಬೆಂದ ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತಿಡಿ. ಬಿಸಿ ಇರುವಾಗ ಅರ್ಧಕ್ಕೆ ಮಡಚಿದರೆ ಒಡೆಯುವುದಿಲ್ಲ. ಬಡಿಯಲು ಕೈ ಏಳದ ದಿನ ಊರಿನಲ್ಲಿ ಮನೆಯಲ್ಲೇ ಮಾಡಿ ಮಾರುವವರಿಂದ ಮೆತ್ತನೆಯ ರೊಟ್ಟಿ ತಂದರೂ ಆದೀತು. ಪಾವಿಗಿಂತ ಅದು ಸಾವಿರ ಪಾಲು ಮೇಲು.

ಮುಟಗಿ: ಹಲ್ಲು ಬಿದ್ದ ಹಿರಿಯರಿಗೂ ಚಿಕ್ಕ ಮಕ್ಕಳಿಗೂ ಇದಕ್ಕಿಂತ ಒಳ್ಳೆಯ ರಾತ್ರಿ ಊಟ ಇಲ್ಲ. ಬೆಳ್ಳುಳ್ಳಿ, ಜೀರಿಗೆ, ಸ್ವಲ್ಪ ಖಾರ, ಉಪ್ಪು ಕುಟ್ಟಿಕೊಳ್ಳಿ. ಬಿಸಿ ಜೋಳದ ರೊಟ್ಟಿಯನ್ನು ಹರಿದು ಅದಕ್ಕೆ ಸೇರಿಸಿ ಮತ್ತೆ ಕುಟ್ಟಿ. ಎರಡು ಚಮಚ ಶೇಂಗಾ ಹಿಂಡಿ, ಅರ್ಧ ಚಮಚ ತುಪ್ಪ ಬೆರೆಸಿ ಮುಷ್ಟಿಯಲ್ಲಿ ಹಿಚುಕಿ ಉಂಡೆ ಕಟ್ಟಿ. ಜೊತೆಗೆ ಒಂದು ಬಟ್ಟಲು ಮೊಸರು, ಸೌತೆಕಾಯಿ. ಯುನಾನಿ ದೃಷ್ಟಿಯಲ್ಲಿ ಜೋಳದ ಮಿಜಾಜ್ ಒಣದು. ಅದಕ್ಕೆ ತುಪ್ಪ, ಎಣ್ಣೆ, ಮೊಸರಿನ ತೇವ ಕೂಡಿದರೆ ಹೊಟ್ಟೆಗೆ ಹಿತ. ರೊಟ್ಟಿ ತಿಂದರೆ ಮಲ ಗಟ್ಟಿಯಾಗುತ್ತದೆ ಎನ್ನುವವರು ನೀರು ಕಡಿಮೆ ಕುಡಿಯುವವರೇ ಹೆಚ್ಚು.

ಅಂಡಾ ಚಪಾತಿ: ಒಬ್ಬರಿಗೆ ಎರಡು ಮೊಟ್ಟೆ ಒಡೆದು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಒಂದು ಹಿಡಿ ಮೆಂತ್ಯ ಸೊಪ್ಪು, ಕಾಳುಮೆಣಸಿನ ಪುಡಿ ಬೆರೆಸಿ. ಒಂದು ಚಮಚ ಎಣ್ಣೆ ಸವರಿದ ಹೆಂಚಿನ ಮೇಲೆ ಹರಡಿ, ಮೇಲೆ ಚಪಾತಿ ಇಟ್ಟು ಒತ್ತಿ, ತಿರುವಿ ಹಾಕಿ. ಹಳದಿ, ಬಿಳಿ ಎರಡೂ ಗಟ್ಟಿಯಾಗುವವರೆಗೆ ಬೇಯಲಿ. ಗಜ್ಜರಿ, ಸೌತೆಕಾಯಿ ತುರಿ ಹಾಕಿ ಸುರುಳಿ ಸುತ್ತಿ. ಹತ್ತು ನಿಮಿಷದ ಕೆಲಸ. ಎರಡು ಮೊಟ್ಟೆಯಿಂದ ಸುಮಾರು 12 ಗ್ರಾಂ ಪ್ರೋಟೀನ್ ಸಿಗುತ್ತದೆ. ನೂಡಲ್ಸ್ ಬೇಡುವ ಮಕ್ಕಳಿಗೆ ಇದನ್ನು ಕೊಟ್ಟು ನೋಡಿ.

ಧಪಾಟಿ: ಎರಡು ಕಪ್ ಜೋಳದ ಹಿಟ್ಟು, ಅರ್ಧ ಕಪ್ ಕಡಲೆ ಹಿಟ್ಟು, ಅರ್ಧ ಕಪ್ ಗೋಧಿ ಹಿಟ್ಟು, ಹೆಚ್ಚಿದ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಓಮ, ಎಳ್ಳು, ಖಾರ, ಉಪ್ಪು, ಸ್ವಲ್ಪ ಮೊಸರು. ನಾದಿ, ಒದ್ದೆ ಅರಿವೆಯ ಮೇಲೆ ತಟ್ಟಿ, ಹೆಂಚಿನ ಮೇಲೆ ಕಡಿಮೆ ಎಣ್ಣೆಯಲ್ಲಿ ಬೇಯಿಸಿ. ಧಾನ್ಯ, ಬೇಳೆ, ಸೊಪ್ಪು ಮೂರೂ ಒಂದರಲ್ಲೇ ಇರುವುದರಿಂದ ಪಲ್ಯ ಬೇಕಿಲ್ಲ. ಓಮ ವಾಯು ಹಿಡಿಯದಂತೆ ನೋಡಿಕೊಳ್ಳುತ್ತದೆ. ಉಳಿದದ್ದು ಬೆಳಿಗ್ಗೆ ಪಾಳಿಗೆ ಹೋಗುವವರ ಬುತ್ತಿಗೂ ಆಗುತ್ತದೆ.

ಶಾಮಿ ಟಿಕಿಯಾ ಸುತ್ತಿದ ಚಪಾತಿ: ಇದು ಫ್ರಿಜ್ ಇರುವ ಮನೆಯವರಿಗೆ. ಭಾನುವಾರ ಅರ್ಧ ಕಿಲೋ ಖೀಮಾ, ಒಂದು ಕಪ್ ಕಡಲೆ ಬೇಳೆ, ಶುಂಠಿ, ಬೆಳ್ಳುಳ್ಳಿ, ಜೀರಿಗೆ ಹಾಕಿ ನೀರು ಆರುವವರೆಗೆ ಬೇಯಿಸಿ ರುಬ್ಬಿ. ಟಿಕಿಯಾ ತಟ್ಟಿ ಮುಚ್ಚಿದ ಡಬ್ಬಿಯಲ್ಲಿ ಇಡಿ, ಎರಡು ದಿನದೊಳಗೆ ಮುಗಿಸಿ. ಹೆಂಚಿನ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಬಿಸಿ ಮಾಡಿ ಚಪಾತಿಯೊಳಗೆ ಒಡೆದು ಹಾಕಿ, ಉಳ್ಳಾಗಡ್ಡಿ, ಪುದೀನ, ಲಿಂಬೆರಸ ಸೇರಿಸಿ. ಬೇಳೆ ಇರುವುದರಿಂದ ಮಾಂಸ ಕಡಿಮೆ ಸಾಕು, ಖರ್ಚೂ ಕಡಿಮೆ. ಕರೆಂಟ್ ದಿನಕ್ಕೆ ಗಂಟೆಗಟ್ಟಲೆ ಹೋಗುವ ಊರಿನಲ್ಲಿ ಖೀಮಾ ಮಾಡಿಡಬೇಡಿ. ಅಂದು ತಂದದ್ದು ಅಂದೇ ಮುಗಿಯಲಿ.

ಬೆಳಿಗ್ಗೆಯೇ ಅರ್ಧ ಕೆಲಸ

ದಣಿದ ತಲೆ ಸರಿಯಾದ ತೀರ್ಮಾನ ಮಾಡುವುದಿಲ್ಲ. ‘ರಾತ್ರಿಗೆ ಏನು’ ಎಂಬುದು ಬೆಳಿಗ್ಗೆ ನಾಷ್ಟಾ ಮಾಡುವಾಗಲೇ ನಿರ್ಧಾರವಾಗಲಿ. ಮಡಕಿ ಕಾಳು ಅಥವಾ ಹೆಸರು ಕಾಳನ್ನು ಹಿಂದಿನ ರಾತ್ರಿ ನೆನೆಸಿ ಬೆಳಿಗ್ಗೆ ಅರಿವೆಯಲ್ಲಿ ಕಟ್ಟಿಟ್ಟರೆ ಸಂಜೆಗೆ ಮೊಳಕೆ ಬಂದಿರುತ್ತದೆ. ಹತ್ತು ನಿಮಿಷ ಬೇಯಿಸಿ ಒಗ್ಗರಣೆ ಹಾಕಿದರೆ ರೊಟ್ಟಿಗೆ ಪಲ್ಯ ಸಿದ್ಧ. ಮೊಳಕೆಯನ್ನು ಗರ್ಭಿಣಿಯರು, ಮಕ್ಕಳು, ಹಿರಿಯರು ಹಸಿಯಾಗಿ ತಿನ್ನುವುದು ಬೇಡ. ಶೇಂಗಾ, ಅಗಸಿ, ಗುರೆಳ್ಳು ಹಿಂಡಿ ವಾರಕ್ಕೊಮ್ಮೆ ಕುಟ್ಟಿ ಒಣ ಡಬ್ಬಿಯಲ್ಲಿ ಇಡಿ. ಸೊಪ್ಪು ಬಿಡಿಸುವ ಕೆಲಸ ಮಕ್ಕಳಿಗೆ ಕೊಡಿ, ಗಂಡುಮಕ್ಕಳಿಗೂ ಕೊಡಿ.

ಕೈಯಲ್ಲಿ ತಿನ್ನುವಾಗ ಕೈಯೇ ಚಮಚ

ಸಿಮೆಂಟಿನ ಧೂಳು, ಪರ್ಸಿ ಕಲ್ಲಿನ ಪುಡಿ, ಹೊಲಕ್ಕೆ ಹೊಡೆದ ಔಷಧ, ಅಂಗಡಿಯ ನೋಟು, ಮೊಬೈಲಿನ ಕೊಳೆ ಎಲ್ಲವೂ ಉಗುರಿನ ಸಂದಿಯಲ್ಲಿ ಇರುತ್ತವೆ. ವುಜೂ ಮಾಡಿದ ಕೈಯೇ ಆದರೂ ಊಟಕ್ಕೆ ಕೂರುವ ಮೊದಲು ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಿ ತೊಳೆಯಿರಿ. ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಮರೆಯಬೇಡಿ. ಔಷಧ ಹೊಡೆದು ಬಂದವರು ಮೊದಲು ಸ್ನಾನ ಮಾಡಿ, ಬಟ್ಟೆ ಬದಲಿಸಿ ಊಟಕ್ಕೆ ಬರಲಿ. ಹಸಿ ಸೊಪ್ಪು, ಗಜ್ಜರಿ, ಸೌತೆಕಾಯಿಯನ್ನು ಕುಡಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ.

ರೊಟ್ಟಿಯನ್ನಾಗಲಿ ಭಜಿಯನ್ನಾಗಲಿ ಹಳೆಯ ಪೇಪರಿನಲ್ಲಿ ಸುತ್ತಬೇಡಿ. ಮುದ್ರಣದ ಶಾಯಿಯಲ್ಲಿ ಸೀಸದಂಥ ವಿಷಕಾರಿ ಅಂಶಗಳು ಇರಬಹುದು. ಬಿಸಿ, ಎಣ್ಣೆ ತಗುಲಿದಾಗ ಅದು ಆಹಾರಕ್ಕೆ ಇಳಿಯುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲಿಯೂ 2023ರಲ್ಲಿಯೂ ಈ ಬಗ್ಗೆ ಎಚ್ಚರಿಕೆ ನೀಡಿದೆ. ಒಗೆದ ಹತ್ತಿಯ ಅರಿವೆ, ಬಾಳೆ ಎಲೆ, ಸ್ಟೀಲ್ ಡಬ್ಬಿ ಬಳಸಿ. ರೊಟ್ಟಿ ಸುತ್ತುವ ಅರಿವೆಯನ್ನು ದಿನವೂ ಒಗೆದು ಬಿಸಿಲಿಗೆ ಹಾಕಿ.

ಬೇಯಿಸಿದ ಬೇಳೆ, ಮೊಟ್ಟೆ, ಖೀಮಾ, ಅನ್ನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆಗ ಒಂದೇ ಗಂಟೆಯ ಲೆಕ್ಕ ಇಟ್ಟುಕೊಳ್ಳಿ. ಫ್ರಿಜ್ ಇಲ್ಲದ ಮನೆಯಲ್ಲಿ ಬೆಳಿಗ್ಗೆ ಬೇಯಿಸಿದ ಬೇಳೆಯನ್ನು ರಾತ್ರಿಗೆ ಇಡುವ ಬದಲು ಸಂಜೆಯೇ ಕುಕ್ಕರ್ ಇಡಿ.

ಎಲ್ಲರೂ ಒಟ್ಟಿಗೆ ದಸ್ತರ್‌ಖಾನಿಗೆ

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಒಂದೊಂದೇ ಬಿಸಿ ರೊಟ್ಟಿ ಒಲೆಯಿಂದ ತಟ್ಟೆಗೆ ಬರಬೇಕು ಎಂಬ ಮನೆಯಲ್ಲಿ, ರೊಟ್ಟಿ ಮಾಡುವವಳು ಕೂರುವ ಹೊತ್ತಿಗೆ ಬೇಳೆ ತಳ ಕಂಡಿರುತ್ತದೆ. ಮೊಟ್ಟೆ ಮಕ್ಕಳಿಗೆ, ಟಿಕಿಯಾ ಗಂಡಸರಿಗೆ. ಅವಳಿಗೆ ಉಳಿದ ಒಂದು ರೊಟ್ಟಿ, ಹಿಂಡಿ, ಒಂದು ಕಪ್ ಚಹಾ. ನನ್ನಲ್ಲಿಗೆ ತಲೆಸುತ್ತು, ಏದುಸಿರು, ಕಾಲು ಸೆಳೆತ ಎಂದು ಬರುವ ಹೆಣ್ಣುಮಕ್ಕಳ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಕಡಿಮೆ ಇರುವುದು ಬಲು ಸಾಮಾನ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ. ಟಾನಿಕ್ ಬರೆದುಕೊಡಬಹುದು. ಆದರೆ ಊಟವೇ ಅವಳ ಪಾಲಿಗೆ ಬಾರದಿದ್ದರೆ ಟಾನಿಕ್ ಎಷ್ಟು ದಿನ ಕಾಯುತ್ತದೆ?

ಕೈಯಲ್ಲಿ ಹಿಡಿದು ತಿನ್ನುವ ಊಟದ ದೊಡ್ಡ ಲಾಭ ಇಲ್ಲಿದೆ. ರೊಟ್ಟಿಗಳನ್ನೆಲ್ಲ ಮೊದಲೇ ಮಾಡಿ ಅರಿವೆಯಲ್ಲಿ ಸುತ್ತಿ, ಬೇಳೆಯ ಪಾತ್ರೆ, ಹೆಚ್ಚಿದ ತರಕಾರಿ, ಲಿಂಬೆ ಹೋಳು ಎಲ್ಲವನ್ನೂ ದಸ್ತರ್‌ಖಾನಿನ ನಡುವೆ ಇಟ್ಟುಬಿಡಿ. ಯಾರ ರೊಟ್ಟಿಯನ್ನು ಅವರೇ ತುಂಬಿಕೊಳ್ಳಲಿ. ಬಡಿಸುವವರು ಬೇಕಿಲ್ಲ, ಎದ್ದು ಓಡಾಡುವ ಕೆಲಸ ಇಲ್ಲ. ಅಮ್ಮಿಯೂ, ಸೊಸೆಯೂ, ಮಗಳೂ ಎಲ್ಲರ ಜೊತೆಗೇ ಕೂತು ತಮ್ಮ ಹಿಡಿ ಬೇಳೆ, ಹಿಡಿ ಸೊಪ್ಪು ತಿನ್ನಬಹುದು. ಸಹೋದರರೇ, ಮನೆಯಾಕೆ ಕೂರುವವರೆಗೆ ನೀವು ಮೊದಲ ತುತ್ತು ಎತ್ತಬೇಡಿ. ರೊಟ್ಟಿ ಸ್ವಲ್ಪ ಆರಿದರೆ ನಷ್ಟವಿಲ್ಲ.

ಸೊಪ್ಪು, ಕಾಳಿನ ಕಬ್ಬಿಣದಂಶವನ್ನು ದೇಹ ಹೀರಿಕೊಳ್ಳಲು ಲಿಂಬೆ ಸಹಾಯ ಮಾಡುತ್ತದೆ, ಚಹಾ ಅಡ್ಡಿ ಮಾಡುತ್ತದೆ. ಊಟದ ಜೊತೆ ಚಹಾ ಬೇಡ. ಮುಂಚೆಯಾಗಲಿ ಆಮೇಲಾಗಲಿ ಒಂದು ಗಂಟೆ ಅಂತರ ಇರಲಿ.

ಹೊತ್ತು ಮತ್ತು ಎಚ್ಚರ

ಮಗ್ರಿಬ್ ಮತ್ತು ಇಶಾ ನಡುವಿನ ಹೊತ್ತು ರಾತ್ರಿ ಊಟಕ್ಕೆ ಪ್ರಶಸ್ತ. ಇಶಾಗೆ ಮಸೀದಿಯವರೆಗೆ ನಡೆದು ಹೋಗಿ ಬಂದರೆ ಅದೇ ಒಳ್ಳೆಯ ಅಡ್ಡಾಟ. ಊಟಕ್ಕೂ ಮಲಗುವುದಕ್ಕೂ ಎರಡರಿಂದ ಮೂರು ಗಂಟೆ ಅಂತರವಿದ್ದರೆ ಎದೆಯುರಿ ಕಡಿಮೆ. ಸಂಜೆ ಪಾಳಿಯವರು ಮುಖ್ಯ ಊಟವನ್ನು ಬುತ್ತಿಯಲ್ಲಿ ಒಯ್ದು ಕೆಲಸದ ನಡುವಿನ ಬಿಡುವಿನಲ್ಲಿ ಮುಗಿಸಿ, ಮನೆಗೆ ಬಂದ ಮೇಲೆ ಹಸಿವಿದ್ದರೆ ಒಂದು ಮುಟಗಿ, ಮಜ್ಜಿಗೆ ತೆಗೆದುಕೊಳ್ಳಲಿ.

ಸಕ್ಕರೆ ಕಾಯಿಲೆಯವರಿಗೆ ಎರಡು ಮಾತು. ಜೋಳವೂ ಧಾನ್ಯವೇ, ಸಕ್ಕರೆ ಏರಿಸುತ್ತದೆ. ಐದು ರೊಟ್ಟಿ ತಿಂದು ‘ಜೋಳ ತಾನೇ’ ಎನ್ನುವಂತಿಲ್ಲ. ಹಾಗೆಯೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ದಣಿವಿನಿಂದ ಊಟ ಬಿಟ್ಟು ಮಲಗಬೇಡಿ. ರಾತ್ರಿ ಸಕ್ಕರೆ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವ ಅಪಾಯವಿದೆ. ರಕ್ತದೊತ್ತಡ ಇರುವವರು ಹಿಂಡಿ, ಉಪ್ಪಿನಕಾಯಿ, ಹಪ್ಪಳ ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ. ದಿನದ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ದಾಟಬಾರದು. ಮೂತ್ರಪಿಂಡದ ತೊಂದರೆ ಇರುವವರು ಬೇಳೆ, ಮಾಂಸ, ಸೊಪ್ಪಿನ ಪ್ರಮಾಣವನ್ನು ತಮ್ಮ ವೈದ್ಯರನ್ನು ಕೇಳಿಯೇ ಇಟ್ಟುಕೊಳ್ಳಲಿ. ಶೇಂಗಾ ಒಗ್ಗದವರು ಅಗಸಿ ಅಥವಾ ಗುರೆಳ್ಳು ಹಿಂಡಿ ಬಳಸಲಿ.

ಕೆಲವರು ಗಾಡಿಯ ಭಜಿ ತಿಂದು ಬಂದು ದಿನವೂ ಜವಾರಿಶ್ ಕಮೂನಿ ನೆಕ್ಕುತ್ತಾರೆ. ಜವಾರಿಶ್ ಒಳ್ಳೆಯ ಔಷಧ. ಆದರೆ ಅದರಲ್ಲಿ ಸಿಹಿ ಇದೆ, ಸಕ್ಕರೆ ಕಾಯಿಲೆಯವರಿಗೆ ಕೇಳದೆ ಕೊಡುವಂಥದ್ದಲ್ಲ. ತಿಂಗಳುಗಟ್ಟಲೆ ಜವಾರಿಶ್ ಬೇಕಾಗುತ್ತಿದ್ದರೆ ಸರಿಪಡಿಸಬೇಕಾದ್ದು ರಾತ್ರಿಯ ಊಟ. ಯುನಾನಿಯಲ್ಲಿ ಇಲಾಜ್ ಬಿಲ್ ಗಿಜಾ, ಅಂದರೆ ಆಹಾರದಿಂದಲೇ ಚಿಕಿತ್ಸೆ ಎಂಬ ಪ್ರತ್ಯೇಕ ವಿಭಾಗವೇ ಇದೆ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ನಡೆದಾಗ ಎದೆ ಹಿಡಿಯುವುದು ಇದ್ದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ.

ಎಲ್ಲವನ್ನೂ ನಾಳೆಯೇ ಬದಲಿಸಲು ಹೋಗಬೇಡಿ. ಈ ವಾರ ಎರಡು ರಾತ್ರಿ ಆರಿಸಿಕೊಳ್ಳಿ. ಒಂದು ರಾತ್ರಿ ಗಟ್ಟಿ ಬ್ಯಾಳಿಯ ರೊಟ್ಟಿ, ಇನ್ನೊಂದು ರಾತ್ರಿ ಅಂಡಾ ಚಪಾತಿ. ಮುಂದಿನ ವಾರ ಮೂರು ರಾತ್ರಿ ಮಾಡಿ. ಬೇಳೆ ಕೊಳ್ಳುವಾಗ ಕಾಲು ಕಿಲೋ ಹೆಚ್ಚಿಗೆ ತನ್ನಿ, ಸಂತೆಯ ದಿನ ಎರಡು ಕಟ್ಟು ಮೆಂತ್ಯ, ನಾಲ್ಕು ಲಿಂಬೆ ಚೀಲಕ್ಕೆ ಬೀಳಲಿ. ರಾತ್ರಿಗೆ ಅಷ್ಟು ಸಾಮಾನು ಸಾಕು.